ಎಷ್ಟು ಸಿಸಿ ಮಿದುಳಿದ್ದರೆ ‘ಮನುಷ್ಯ’? ಫಲಕದಲ್ಲಿ ಯಾವ ಗಡಿ ಬರೆಯಬೇಕು?

ಗೋಡೆಬರಹ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆ ಮಕ್ಕಳಿಗಾಗಿ ಮಾನವ ವಿಕಾಸದ ಬಗ್ಗೆ ಎಂಟು ಪ್ರದರ್ಶನ ಫಲಕಗಳು ಕನ್ನಡದಲ್ಲಿ ಸಿದ್ಧವಾಗಬೇಕಿದೆ. ಒಂದೊಂದರಲ್ಲಿ 120 ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಮೂರನೆಯ ಫಲಕದ ತಲೆಬರಹ ‘ಮೊದಲ ಮನುಷ್ಯ ಯಾರು?’ ತೊಡಕು ಇರುವುದು ಅಲ್ಲೇ.

ಕರಡಿನಲ್ಲಿ ಈಗ ಇರುವ ಸಾಲು: ‘600 ಸಿಸಿಗಿಂತ ದೊಡ್ಡ ಮಿದುಳು ಪಡೆದು, ಎರಡು ಕಾಲಿನ ಮೇಲೆ ನಡೆದು, ಕಲ್ಲಿನ ಉಪಕರಣ ಮಾಡಿದ ಜೀವಿಯೇ ಮನುಷ್ಯ. ಮೊದಲ ಮನುಷ್ಯ ಹೋಮೋ ಹ್ಯಾಬಿಲಿಸ್.’ ಆದರೆ ಹಳೆಯ ಪುಸ್ತಕವೊಂದರಲ್ಲಿ ಗಡಿ 750 ಸಿಸಿ ಎಂದಿದೆ. ಇನ್ನೊಂದು ಕಡೆ 465 ಸಿಸಿ ಇದ್ದ, ದಕ್ಷಿಣ ಆಫ್ರಿಕಾದ ಪಳೆಯುಳಿಕೆ ಹೋಮೋ ನಲೇಡಿಯನ್ನೂ ಮನುಷ್ಯ ಎಂದೇ ಬರೆದಿದ್ದಾರೆ. ಇವುಗಳಲ್ಲಿ ಯಾವುದು ಸರಿ? ಮಿದುಳು ಬಿಟ್ಟು ಉಪಕರಣವನ್ನು ಅಳತೆಗೋಲು ಮಾಡಿದರೆ ನಿಲ್ಲುತ್ತದೆಯೇ? ಡಿಎನ್‌ಎ ನೋಡಿ ಹೇಳಿಬಿಡಬಹುದಲ್ಲ ಎಂದು ಒಬ್ಬರು ಸೂಚಿಸಿದ್ದಾರೆ, ಅದೂ ಆಗುತ್ತದೆಯೇ? ಕರ್ನಾಟಕದ ಉದಾಹರಣೆ ಒಂದಿದ್ದರೆ ಮಕ್ಕಳಿಗೆ ಹತ್ತಿರವಾಗುತ್ತದೆ. ಬಲ್ಲವರು ದಯವಿಟ್ಟು ತಿಳಿಸಿ.

ಮೂಳೆಮಾತು ಉತ್ತರ:

ಮೂರೂ ಸಂಖ್ಯೆಗಳು ಸುಳ್ಳಲ್ಲ. ಆದರೆ ಯಾವುದನ್ನೂ ಗಡಿ ಎಂದು ಹಾಕಬೇಡಿ. ಅವು ಎಲ್ಲಿಂದ ಬಂದವು ಎಂದು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

750 ಎನ್ನುವುದು ಬ್ರಿಟನ್ನಿನ ಅಂಗರಚನಾ ತಜ್ಞ ಆರ್ಥರ್ ಕೀತ್ 1940ರ ದಶಕದ ಕೊನೆಯಲ್ಲಿ ಎಳೆದ ಗೆರೆ. ಆಗ ಗೊತ್ತಿದ್ದ ಗೊರಿಲ್ಲಾಗಳ ಅತಿ ದೊಡ್ಡ ಬುರುಡೆಯನ್ನು ಒಂದು ಕಡೆ, ಈಗಿನ ಮನುಷ್ಯರ ಅತಿ ಚಿಕ್ಕ ಬುರುಡೆಯನ್ನು ಇನ್ನೊಂದು ಕಡೆ ಇಟ್ಟು ನಡುವೆ ಗೆರೆ ಹಾಕಿದರು. ಪಳೆಯುಳಿಕೆಗಳನ್ನು ಅಳೆದು ಬಂದ ಸಂಖ್ಯೆ ಅದಲ್ಲ. ಮೊದಲು ಮಿದುಳು ಬೆಳೆಯಿತು, ಉಳಿದದ್ದೆಲ್ಲ ಆಮೇಲೆ ಎಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ‘ಸಿಕ್ಕಿತು’ ಎಂದ ಬುರುಡೆಯನ್ನು ಕೀತ್ ಸೇರಿದಂತೆ ದೊಡ್ಡ ದೊಡ್ಡವರು ಒಪ್ಪಿಕೊಂಡದ್ದಕ್ಕೆ ಆ ನಂಬಿಕೆಯೇ ಕಾರಣ. 1953ರಲ್ಲಿ ಬಯಲಾದದ್ದು ಏನೆಂದರೆ, ಮೇಲಿನ ಬುರುಡೆ ಮನುಷ್ಯನದು, ಕೆಳಗಿನ ದವಡೆ ಒರಾಂಗುಟಾನಿನದು, ಹಲ್ಲುಗಳನ್ನು ಅರದಿಂದ ಉಜ್ಜಿ ಮಟ್ಟ ಮಾಡಿದ್ದರು, ಹಳತಾಗಿ ಕಾಣಲೆಂದು ಬಣ್ಣ ಕಟ್ಟಿದ್ದರು. ನಡುವಿನ ಆ 40 ವರ್ಷದಲ್ಲಿ ನಿಜವಾದ ಪಳೆಯುಳಿಕೆಗೆ ಬೆಲೆ ಸಿಗಲಿಲ್ಲ. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆಯ ತಳದಲ್ಲಿ, ಬೆನ್ನುಹುರಿ ಇಳಿಯುವ ದೊಡ್ಡ ತೂತು ಮುಂದಕ್ಕೆ ಸರಿದಿತ್ತು. ಅದು ನೆಟ್ಟಗೆ ನಡೆಯುವ ಜೀವಿಯ ಗುರುತು. ಮುಖ್ಯವಾಗಿ ಮಿದುಳು ಚಿಕ್ಕದಿತ್ತೆಂಬ ಕಾರಣಕ್ಕೆ ಅದನ್ನು ವಾನರದ ಮರಿ ಎಂದು ಪಕ್ಕಕ್ಕಿಟ್ಟರು. ವ್ಯಾಖ್ಯಾನ ತಪ್ಪಿದರೆ ಎದುರಿಗಿರುವ ಮೂಳೆಯೂ ಕಾಣುವುದಿಲ್ಲ. ಜಾಗವಿದ್ದರೆ ಮಕ್ಕಳಿಗೆ ಇದನ್ನು ಹೇಳಿ.

600 ಬಂದದ್ದು 1964ರಲ್ಲಿ. ತಾಂಜಾನಿಯಾದ ಓಲ್ಡುವಾಯಿ ಕಮರಿಯ ಪಳೆಯುಳಿಕೆಗೆ ಲೂಯಿ ಲೀಕಿ, ಫಿಲಿಪ್ ಟೋಬಿಯಾಸ್, ಜಾನ್ ನೇಪಿಯರ್ ಸೇರಿ ಹೋಮೋ ಹ್ಯಾಬಿಲಿಸ್ ಎಂದು ಹೆಸರಿಟ್ಟರು. ಓಎಚ್ 7 ಎಂಬ ಆ ಮೂಲ ಮಾದರಿಯ ಮಿದುಳು 750 ಮುಟ್ಟುವುದಿಲ್ಲ ಎಂದು ಆಗಿನ ಅಂದಾಜು. ಹಳೆಯ ಗೆರೆ ಇಟ್ಟುಕೊಂಡರೆ ಅದು ಹೋಮೋ ಆಗುತ್ತಿರಲಿಲ್ಲ, ಹಾಗಾಗಿ ಗೆರೆಯನ್ನೇ 600ಕ್ಕೆ ಇಳಿಸಿದರು. 2015ರಲ್ಲಿ ಅದೇ ಮೂಳೆಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿದಾಗ ಬಂದ ಅಂದಾಜು 729ರಿಂದ 824!

ಒಂದೇ ಬುರುಡೆಗೆ ಇಷ್ಟು ವ್ಯತ್ಯಾಸ ಯಾಕೆ ಬರುತ್ತದೆ ಎಂದರೆ ಅಳೆಯುವ ಬಗೆ ಹಾಗಿದೆ. ಪೂರ್ತಿ ಬುರುಡೆಯಾದರೆ ಕಣ್ಣುಗುಳಿಯ ಹಿಂದಿನ ಸೀಳು, ನರ ಹಾಯುವ ಸಣ್ಣ ತೂತುಗಳನ್ನು ಹತ್ತಿಯಿಂದ ಮುಚ್ಚಿ, ಬುರುಡೆಯನ್ನು ಮಗುಚಿ ಹಿಡಿದು, ತಳದ ದೊಡ್ಡ ತೂತಿನಿಂದ ಸಾಸಿವೆಯಂಥ ಸಣ್ಣ ಕಾಳು ತುಂಬಿ, ತಟ್ಟಿ ಕೂರಿಸಿ, ಮತ್ತೆ ತುಂಬಿ, ಕೊನೆಗೆ ಕಾಳನ್ನೆಲ್ಲ ಅಳತೆಗೊಳವೆಗೆ ಸುರಿದು ಓದುವುದು ಹಳೆಯ ಕ್ರಮ. ಎಷ್ಟು ಸಲ ತಟ್ಟಿದಿರಿ ಅನ್ನುವುದರ ಮೇಲೆಯೇ ಸಂಖ್ಯೆ ಏರಿಳಿಯುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯುವವರು ಕುಲುಕಿದರೆ ಹೆಚ್ಚು ಹಿಡಿಯುತ್ತದಲ್ಲ, ಹಾಗೆ. ಅಮೆರಿಕದ ಸ್ಯಾಮ್ಯುಯೆಲ್ ಮಾರ್ಟನ್ 19ನೇ ಶತಮಾನದಲ್ಲಿ ಈ ತೊಂದರೆ ಕಂಡೇ ಕಾಳು ಬಿಟ್ಟು ಸೀಸದ ಗುಂಡಿಗೆ ಬದಲಾದರು. ಈಗ ಸಿಟಿ ಸ್ಕ್ಯಾನ್ ಮಾಡಿ ಒಳಗಿನ ಪೊಳ್ಳನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆದರೆ ಓಎಚ್ 7ರಲ್ಲಿ ಇರುವುದು ಬುರುಡೆಯ ಎರಡು ಪಕ್ಕದ ಮೂಳೆಗಳ ಚೂರು, ಕೆಳದವಡೆ, ಕೈಮೂಳೆಗಳು. ಹಣೆಯೂ ಇಲ್ಲ, ತಳವೂ ಇಲ್ಲ. ಇರುವ ಮೂಳೆಯ ಬಾಗು ನೋಡಿ ಇಲ್ಲದ್ದನ್ನು ಊಹಿಸಬೇಕು. ಮೇಲಾಗಿ ಅದು ಇನ್ನೂ ಬೆಳೆಯುತ್ತಿದ್ದ ಮಗುವಿನದು, ಬೆಳೆದ ಮೇಲೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನೂ ಸೇರಿಸಬೇಕು. ಇಂಥ ಅಂದಾಜಿನ ಮೇಲೆ 600 ಎಂಬ ಖಚಿತ ಗೆರೆ ನಿಲ್ಲುವುದು ಕಷ್ಟ.

ಆಮೇಲೆ ಸಿಕ್ಕಿದವು ಆ ಗೆರೆಯನ್ನೂ ಮುರಿದವು. ಕೀನ್ಯಾದ ಕೆಎನ್‌ಎಂ-ಇಆರ್ 1813 ಎಂಬ ಸಂಖ್ಯೆಯ ಬುರುಡೆ ಸುಮಾರು 510 ಸಿಸಿ, ಆದರೂ ಹೆಚ್ಚಿನವರು ಅದನ್ನು ಹ್ಯಾಬಿಲಿಸ್‌ಗೇ ಸೇರಿಸುತ್ತಾರೆ. ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸಿಕ್ಕ, 2013ರಲ್ಲಿ ಪ್ರಕಟವಾದ ಐದನೇ ಬುರುಡೆ 546. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಸಿಕ್ಕ ಹೆಂಗಸಿನದು ಸ್ಕ್ಯಾನಿನಲ್ಲಿ 426, ಎತ್ತರ ಮೂರೂವರೆ ಅಡಿ. ನಲೇಡಿ 465ರಿಂದ 610. ಇನ್ನೊಂದು ತುದಿಯಲ್ಲಿ ಇಸ್ರೇಲಿನ ಅಮೂದ್ ಗುಹೆಯ ನಿಯಾಂಡರ್ತಾಲ್ (ನಮ್ಮ ಹತ್ತಿರದ, ಈಗ ಅಳಿದುಹೋದ ಬಂಧು) 1,740. ನಮ್ಮ ಸರಾಸರಿಯೇ ಸುಮಾರು 1,350. ದೊಡ್ಡದು ಇದ್ದವರೇ ಹೆಚ್ಚು ಮನುಷ್ಯರು ಅನ್ನುವುದಾದರೆ ನಾವು ಎರಡನೇ ಸಾಲಿಗೆ ಹೋಗುತ್ತೇವೆ.

ಹಾಗಾದರೆ 1813 ಸಂಖ್ಯೆಯ ಆ ಬುರುಡೆಯನ್ನು ಹೋಮೋ ಅನ್ನುವುದು ಯಾಕೆ? ಪಕ್ಕದಲ್ಲಿ ಓಎಚ್ 5 ಇಟ್ಟು ನೋಡಿ. ಅದು ಪ್ಯಾರಾಂಥ್ರೋಪಸ್ ಬೋಯಿಸೈ, ಅಂದರೆ ನಮ್ಮ ವಂಶದ ಅಳಿದುಹೋದ ಇನ್ನೊಂದು ಕವಲಿನದು, ಓಲ್ಡುವಾಯಿಯದೇ, ಮಿದುಳು ಹೆಚ್ಚುಕಡಿಮೆ ಅಷ್ಟೇ. ಆದರೆ ಅದರ ದವಡೆಹಲ್ಲುಗಳು ಬೀಸುವ ಕಲ್ಲಿನಂತೆ ಅಗಲ, ಕೆನ್ನೆಮೂಳೆ ಮುಂದಕ್ಕೆ ಚಾಚಿ ಮುಖ ತಟ್ಟೆಯಂತಿದೆ, ನೆತ್ತಿಯ ಮೇಲೆ ಅಗಿಯುವ ಸ್ನಾಯು ಹಿಡಿದುಕೊಳ್ಳಲು ಎದ್ದ ಏಣು ಇದೆ. 1813 ಸಂಖ್ಯೆಯ ಬುರುಡೆಯಲ್ಲಿ ಇವೇನೂ ಇಲ್ಲ. ಹಲ್ಲು ಚಿಕ್ಕವು, ಹಲ್ಲಿನ ಸಾಲಿನ ಬಾಗು ನಮ್ಮದರ ಹತ್ತಿರ, ನೆತ್ತಿ ನುಣುಪು. ಅಂದರೆ ಇಬ್ಬರನ್ನು ಬೇರೆ ಮಾಡಿದ್ದು ಮಿದುಳಲ್ಲ, ಹಲ್ಲು ಮತ್ತು ದವಡೆ. ಇಥಿಯೋಪಿಯಾದ ಲೆಡಿ-ಗೆರಾರುವಿನ 28 ಲಕ್ಷ ವರ್ಷದ ಅರ್ಧ ದವಡೆಯನ್ನು ಹೋಮೋ ಎಂದು 2015ರಲ್ಲಿ ಹೇಳಿದ್ದೂ ಹಲ್ಲು ನೋಡಿಯೇ. ಅಲ್ಲಿ ಬುರುಡೆಯ ಚೂರೂ ಇರಲಿಲ್ಲ.

ಇದಕ್ಕೂ ಒಪ್ಪದವರಿದ್ದಾರೆ. ಬರ್ನಾರ್ಡ್ ವುಡ್ ಮತ್ತು ಮಾರ್ಕ್ ಕೊಲಾರ್ಡ್ 1999ರಲ್ಲಿ ಮೈತೂಕ, ಕೈಕಾಲುಗಳ ಪ್ರಮಾಣ, ನಡಿಗೆ, ದವಡೆ-ಹಲ್ಲು, ಬೆಳವಣಿಗೆಯ ಅವಧಿ ಎಲ್ಲವನ್ನೂ ಒಟ್ಟಿಗೆ ತೂಗಿ, ಹ್ಯಾಬಿಲಿಸ್‌ ಹೋಮೋ ಅಲ್ಲ, ಹೋಮೋಗಿಂತ ಹಿಂದಿನ ಆಸ್ಟ್ರಲೋಪಿಥೆಕಸ್ ಗುಂಪಿಗೆ ಕಳಿಸಬೇಕು ಎಂದರು. ಆದ್ದರಿಂದ ‘ಮೊದಲ ಮನುಷ್ಯ ಹೋಮೋ ಹ್ಯಾಬಿಲಿಸ್’ ಎಂಬ ಸಾಲನ್ನು ಪೂರ್ತಿ ತೆಗೆಯಿರಿ. ‘ಎರಡು ಕಾಲಿನ ನಡಿಗೆ’ಯನ್ನೂ ಆ ಪಟ್ಟಿಯಿಂದ ಬಿಡಿಸಿ. ಲೂಸಿ ಎಂದು ಹೆಸರಾದ 32 ಲಕ್ಷ ವರ್ಷದ ಅಸ್ಥಿಪಂಜರದಲ್ಲೇ ತೊಡೆಮೂಳೆ ಮಂಡಿಯ ಕಡೆಗೆ ಒಳವಾಲಿದೆ, ಅದು ಎರಡು ಕಾಲಿನ ನಡಿಗೆಯ ಗುರುತು. ತಾಂಜಾನಿಯಾದ ಲೇಟೋಲಿಯ ಹೆಜ್ಜೆಗುರುತು ಸುಮಾರು 36 ಲಕ್ಷ ವರ್ಷದ್ದು. ನಡಿಗೆ ಬಂದು ಹತ್ತು ಲಕ್ಷ ವರ್ಷ ದಾಟಿದ ಮೇಲೆ ಮಿದುಳು ಹಿಗ್ಗತೊಡಗಿತು.

ಚಕ್ಕೆಕಲ್ಲು ಉತ್ತರ:

ಉಪಕರಣದ ಬಗ್ಗೆ ನಾನು ಹೇಳುತ್ತೇನೆ. ‘ಉಪಕರಣ ಮಾಡುವವನೇ ಮನುಷ್ಯ’ ಎಂಬ ಮಾತು 1960ರಲ್ಲೇ ಬಿದ್ದುಹೋಯಿತು. ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಜೇನ್ ಗುಡಾಲ್ ಕಂಡದ್ದು ಇದು: ಚಿಂಪಾಂಜಿಯೊಂದು ಎಳೆಕಡ್ಡಿ ಮುರಿದು, ಎಲೆ ಸವರಿ ತೆಗೆದು, ಹುತ್ತದ ತೂತಿಗೆ ಇಳಿಸಿ, ಗೆದ್ದಲು ಕಚ್ಚಿ ಹಿಡಿದ ಮೇಲೆ ಮೆಲ್ಲಗೆ ಎಳೆದು ತಿನ್ನುತ್ತಿತ್ತು. ಎಲೆ ಸವರಿದ್ದು ಮುಖ್ಯ. ಅದು ಬಳಸುವುದಷ್ಟೇ ಅಲ್ಲ, ಮಾಡುವುದು.

‘ಕಡ್ಡಿ ಬೇಡ, ಕಲ್ಲು ಒಡೆದು ಚಕ್ಕೆ ಎಬ್ಬಿಸಿದವರು ಮಾತ್ರ’ ಎಂದು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬ್ರೆಜಿಲಿನ ಕ್ಯಾಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟುವಾಗ ಚೂಪು ಚಕ್ಕೆಗಳು ತಾವಾಗಿ ಏಳುತ್ತವೆ, 2016ರಲ್ಲಿ ಇದನ್ನು ದಾಖಲಿಸಿದರು. ಕೋತಿ ಆ ಚಕ್ಕೆಯನ್ನು ಬಳಸುವುದಿಲ್ಲ, ಆದರೆ ಮಣ್ಣಿನಲ್ಲಿ ಹುಗಿದು ಲಕ್ಷ ವರ್ಷದ ಮೇಲೆ ಸಿಕ್ಕರೆ ಉಪಕರಣವೆಂದೇ ಅಂದುಕೊಳ್ಳುತ್ತೇವೆ. ಹಾಗಾಗಿ ಒಂದು ಚಕ್ಕೆ ಕೈಗೆ ಬಂದರೆ ನೋಡಬೇಕಾದ್ದು ಇಷ್ಟು. ಪೆಟ್ಟು ಬಿದ್ದ ಜಾಗ ಚಪ್ಪಟೆಯಾಗಿ ಉಳಿದಿರಬೇಕು. ಅದರ ಕೆಳಗೆ ಒಳಮೈಯಲ್ಲಿ ಸಣ್ಣ ಉಬ್ಬು ಇರಬೇಕು, ಅಲ್ಲಿಂದ ನೀರಿನ ಅಲೆಯಂತೆ ಗೆರೆಗಳು ಹರಡಿರಬೇಕು. ಇಷ್ಟು ಕೋತಿಯ ಚಕ್ಕೆಯಲ್ಲೂ ಇರಬಹುದು. ಮುಂದಿನದು ತಿರುಳುಗಲ್ಲು, ಅಂದರೆ ಚಕ್ಕೆ ಎಬ್ಬಿಸಿ ಉಳಿದ ಗಟ್ಟಿ. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರುವ ಕಡೆಯನ್ನೇ ಹುಡುಕಿ ಹೊಡೆದಿದ್ದಾರೆಯೇ, ಒಂದು ಚಕ್ಕೆ ಎದ್ದ ಗಾಯವನ್ನೇ ಮುಂದಿನ ಪೆಟ್ಟಿಗೆ ನೆಲೆ ಮಾಡಿಕೊಂಡಿದ್ದಾರೆಯೇ, ಕಲ್ಲನ್ನು ತಿರುಗಿಸುತ್ತ ಹೋಗಿದ್ದಾರೆಯೇ ಎಂದು ನೋಡಬೇಕು. ಯೋಜನೆ ಕಾಣುವುದು ಅಲ್ಲಿ. ಹೊಳೆಯ ಜಲ್ಲಿಯಲ್ಲಿ ಉರುಳಿದ ಕಲ್ಲು, ದನ ತುಳಿದ ಕಲ್ಲು ಕೂಡ ಅಂಚು ಒಡೆದು ಮೋಸ ಮಾಡುತ್ತದೆ. ಆದರೆ ಅದರ ಗಾಯಗಳು ಅಡ್ಡಾದಿಡ್ಡಿ ಇರುತ್ತವೆ, ಒಂದೊಂದರ ಸವೆತ ಒಂದೊಂದು ತರಹ ಇರುತ್ತದೆ.

ಯೋಜನೆ ಕಂಡರೂ ಮಾಡಿದವರು ಯಾರು ಎಂಬುದು ಗೊತ್ತಾಗುವುದಿಲ್ಲ. ಓಲ್ಡುವಾಯಿಯ ಉಪಕರಣಗಳನ್ನು 1959ರಲ್ಲಿ ಓಎಚ್ 5ರ ಕೈಕೆಲಸ ಎಂದರು. 1964ರಲ್ಲಿ ಅದೇ ಉಪಕರಣಗಳನ್ನು ಹ್ಯಾಬಿಲಿಸ್‌ಗೆ ಕೊಟ್ಟರು. ಆ ಹೆಸರಿನ ಅರ್ಥವೇ ಕೈಚಳಕದವನು ಎಂದು. 2015ರಲ್ಲಿ ಕೀನ್ಯಾದ ಲೊಮೆಕ್ವಿಯಿಂದ 33 ಲಕ್ಷ ವರ್ಷದ ಉಪಕರಣಗಳು ವರದಿಯಾದವು, ಆ ಕಾಲದ ಹೋಮೋ ಮೂಳೆ ಒಂದೂ ಸಿಕ್ಕಿಲ್ಲ. 2023ರಲ್ಲಿ ಕೀನ್ಯಾದ ನ್ಯಾಯಾಂಗ ಎಂಬ ಜಾಗದಲ್ಲಿ ಉಪಕರಣಗಳ ಜೊತೆ ಸಿಕ್ಕ ಹಲ್ಲುಗಳು ಪ್ಯಾರಾಂಥ್ರೋಪಸ್‌ನವು.

ಕರ್ನಾಟಕದ ಉದಾಹರಣೆ ಕೇಳಿದ್ದೀರಿ. ಯಾದಗಿರಿ ಜಿಲ್ಲೆಯ ಹುಣಸಗಿ-ಬೈಚಬಾಳ ಕಣಿವೆಯ ಇಸಾಂಪುರಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ತಂಡ 1990ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದಾಗ ಸಿಕ್ಕಿದ್ದು ಒಂದು ಕಲ್ಲುಗಣಿಯೇ. ನೆಲದಲ್ಲೇ ಸುಣ್ಣಕಲ್ಲಿನ ಹಾಸುಗಳು ಪದರಪದರವಾಗಿ ಎದ್ದಿವೆ. ಬೇಕಾದ ದಪ್ಪದ ಹಾಸು ಆರಿಸಿ, ಬಸಾಲ್ಟ್, ಬೆಣಚಿನಂಥ ಗಟ್ಟಿ ಉಂಡೆಗಳಿಂದ ಅಂಚು ತಟ್ಟಿ, ಕೈಗೊಡಲಿ ಮತ್ತು ಅಗಲ ಬಾಯಿಯ ಕ್ಲೀವರ್ ಮಾಡಿದ್ದಾರೆ. ಹಾಸು ತೆಳ್ಳಗಿದ್ದರೆ ಅದನ್ನೇ ಅಂಚು ತಿದ್ದಿ ಕೈಗೊಡಲಿ, ದಪ್ಪವಿದ್ದರೆ ಮೊದಲು ದೊಡ್ಡ ಚಕ್ಕೆ ಎಬ್ಬಿಸಿ ಅದರಿಂದ ಕ್ಲೀವರ್. ಮುಗಿದವು, ಅರ್ಧಕ್ಕೆ ಬಿಟ್ಟವು, ಸುತ್ತಿಗೆ ಕಲ್ಲುಗಳು, ಕಸದ ಚಕ್ಕೆಗಳು ಎಲ್ಲ ಒಂದೇ ಕಡೆ ಬಿದ್ದಿವೆ. ಅಲ್ಲಿನ ಪ್ರಾಣಿಯ ಹಲ್ಲಿನ ಎನಾಮೆಲ್ ಪರೀಕ್ಷಿಸಿ ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ.

ಇಂಥ ಜಾಗದಲ್ಲೂ ಮಾಡಿದವರ ಒಂದು ಮೂಳೆ ಸಿಕ್ಕಿಲ್ಲ. ‘ಇಸಾಂಪುರದಲ್ಲಿ ಹೋಮೋ ಎರೆಕ್ಟಸ್ ಬಾಳಿದ’ ಎಂದು ಅನೇಕರು ಬರೆಯುತ್ತಾರೆ, ಅದು ಬೇರೆ ದೇಶಗಳ ಹೋಲಿಕೆಯಿಂದ ಮಾಡಿದ ಊಹೆ. ಭಾರತದಲ್ಲಿ ಆ ತರಹದ ಹಳೆಯ ಬುರುಡೆ ಸಿಕ್ಕಿರುವುದು ಮಧ್ಯಪ್ರದೇಶದ ಹಥನೋರಾದಲ್ಲಿ, ನರ್ಮದೆಯ ದಡದಲ್ಲಿ, 1982ರಲ್ಲಿ. ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅದನ್ನು ಕಂಡರು. ಮೊದಲು ಎರೆಕ್ಟಸ್‌ನ ಉಪಪ್ರಭೇದ ಎಂದರು. ಮುಂದೆ ಅದೇ ಮೂಳೆಯನ್ನು ಅಳೆದ ಇನ್ನೊಂದು ತಂಡ ಹಳೆಯ ಬಗೆಯ ಸೇಪಿಯನ್ಸ್ ಎಂದು, ಮಿದುಳು 1,155ರಿಂದ 1,421 ಸಿಸಿ ನಡುವೆ ಎಂದು ಹೇಳಿತು. ನಿಮ್ಮ ಫಲಕಕ್ಕೆ ಇಸಾಂಪುರ ಮತ್ತು ಹಥನೋರಾ ಎರಡನ್ನೂ ಅಕ್ಕಪಕ್ಕ ಇಡಿ. ಒಂದು ಕಡೆ ಕೆಲಸ ಇದೆ, ಮೂಳೆ ಇಲ್ಲ. ಇನ್ನೊಂದು ಕಡೆ ಮೂಳೆ ಇದೆ, ಹೆಸರು ನಿಂತಿಲ್ಲ.

ನಾಲ್ಕಕ್ಷರ ಉತ್ತರ:

ಡಿಎನ್‌ಎ ಸಲಹೆ ಕೊಟ್ಟವರಿಗೆ ಹೇಳಿ: ಅದು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಮನುಷ್ಯ ವಂಶದಲ್ಲಿ ಓದಲು ಸಿಕ್ಕಿರುವ ಅತಿ ಹಳೆಯ ಡಿಎನ್‌ಎ ಸ್ಪೇನಿನ ಸೀಮಾ ದೆ ಲೋಸ್ ಊಯೆಸೋಸ್ ಗುಹೆಯದು, ಸುಮಾರು 4 ಲಕ್ಷ 30 ಸಾವಿರ ವರ್ಷ. ಹ್ಯಾಬಿಲಿಸ್ ಅದಕ್ಕಿಂತ ಎಷ್ಟೋ ಹಿಂದೆ. ಬಿಸಿ ಮತ್ತು ತೇವ ಎರಡೂ ಡಿಎನ್‌ಎಗೆ ಶತ್ರು. ನರ್ಮದೆಯ ದಡದಂಥ ಕಡೆ ಉಳಿಯುವ ಆಸೆ ತೀರಾ ಕಡಿಮೆ. ಹಲ್ಲಿನ ಎನಾಮೆಲಿನ ಪ್ರೋಟೀನು ಹೆಚ್ಚು ಬಾಳುತ್ತದೆ, ಸ್ಪೇನಿನಲ್ಲಿ ಸಿಕ್ಕ 8 ಲಕ್ಷ ವರ್ಷದ ಹೋಮೋ ಆಂಟೆಸೆಸರ್‌ನಿಂದ ತೆಗೆದಿದ್ದಾರೆ. ಆದರೆ ಅದರಲ್ಲಿ ಓದಲು ಸಿಗುವ ಮಾಹಿತಿ ಬಹಳ ಸ್ವಲ್ಪ.

ಸಿಕ್ಕ ಕಡೆಯೂ ಮೊದಲ ತೊಡಕು ಕಲಬೆರಕೆ. ಮೂಳೆ ಹಿಡಿದವರ ಕೈಬೆವರಿನ ಡಿಎನ್‌ಎ ಕೂಡ ಮನುಷ್ಯನದೇ. ಹಳೆಯದನ್ನು ಗುರುತಿಸುವ ಉಪಾಯ ಹೀಗಿದೆ. ಕಾಲ ಕಳೆದಂತೆ ತುಂಡುಗಳ ತುದಿಯಲ್ಲಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ‘ಸಿ’ ಕೆಟ್ಟು, ಓದುವಾಗ ‘ಟಿ’ ಎಂದು ಕಾಣುತ್ತದೆ. ತುದಿಯಲ್ಲಿ ಈ ಕೆಡುಕು ಇರುವ ಚಿಕ್ಕ ತುಂಡುಗಳನ್ನು ನಂಬುತ್ತಾರೆ, ಉದ್ದವಾಗಿ ನೀಟಾಗಿ ಇರುವುದನ್ನು ಸಂಶಯದಿಂದ ನೋಡುತ್ತಾರೆ.

ಇಷ್ಟೆಲ್ಲ ಮಾಡಿ ಓದಿದ ಮೇಲೆ ಗಡಿ ಸ್ಪಷ್ಟವಾಯಿತೇ ಎಂದರೆ, ಇಲ್ಲ, ಇನ್ನಷ್ಟು ಕಲಸಿಹೋಯಿತು. ‘ಕೂಡಿ ಮಕ್ಕಳಾದರೆ, ಆ ಮಕ್ಕಳಿಗೂ ಮಕ್ಕಳಾದರೆ ಒಂದೇ ಪ್ರಭೇದ’ ಎಂದು ಶಾಲೆಯಲ್ಲಿ ಕಲಿಸುತ್ತೇವೆ. 2010ರಲ್ಲಿ ಸ್ವಾಂಟೆ ಪ್ಯಾಬೊ ತಂಡ ನಿಯಾಂಡರ್ತಾಲ್ ಜೀನೋಮಿನ, ಅಂದರೆ ಪೂರ್ತಿ ಡಿಎನ್‌ಎಯ, ಕರಡು ಓದಿದಾಗ, ಆಫ್ರಿಕಾದ ಹೊರಗಿನ ಜನರಲ್ಲಿ, ನಮ್ಮಲ್ಲೂ, ಅದರ ಪಾಲು ಇರುವುದು ಕಂಡಿತು. ಈಗಿನ ಅಂದಾಜು ಸುಮಾರು 2%. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ 2 ಸಾವಿರಕ್ಕೂ ಹೆಚ್ಚು ಮೂಳೆಚೂರುಗಳನ್ನು ಪ್ರೋಟೀನು ಪರೀಕ್ಷೆಯಿಂದ ಜಾಲಾಡಿದಾಗ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಒಂದು ಚೂರು ಮನುಷ್ಯ ವಂಶದ್ದು ಎಂದು ಗೊತ್ತಾಯಿತು. 2018ರಲ್ಲಿ ಅದರ ಜೀನೋಮು ಬಂತು. ಹದಿಮೂರು ದಾಟಿದ ಹುಡುಗಿ. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್, ಅಂದರೆ ಅದೇ ಗುಹೆಯಿಂದ ಹೆಸರು ಪಡೆದ ಇನ್ನೊಂದು ಅಳಿದುಹೋದ ಗುಂಪಿನವನು. ಅವಳನ್ನು ಯಾವ ಪೆಟ್ಟಿಗೆಗೆ ಹಾಕುತ್ತೀರಿ?

‘ಮನುಷ್ಯತ್ವದ ಜೀನ್’ ಒಂದಿದೆ ಎಂದು ಬರೆಯಬೇಡಿ. ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ಬಗ್ಗೆ ಹಾಗೆ ಬರೆದಿದ್ದರು. ಚಿಂಪಾಂಜಿಯಲ್ಲಿಲ್ಲದೆ ನಮ್ಮಲ್ಲಿರುವ ಅದರ ಎರಡು ಬದಲಾವಣೆ ನಿಯಾಂಡರ್ತಾಲರಲ್ಲೂ ಇವೆ ಎಂದು 2007ರಲ್ಲಿ ಗೊತ್ತಾಯಿತು. ‘ಚಿಂಪಾಂಜಿಗೂ ನಮಗೂ 98.8% ಒಂದೇ’ ಎಂಬ ಸಾಲು ಹಾಕುವುದಾದರೆ, ಹೋಲಿಸಲು ಬರುವ ಭಾಗದಲ್ಲಿ ಒಂದೊಂದೇ ಅಕ್ಷರ ಎಣಿಸಿದ ಲೆಕ್ಕ ಅದು, ಸೇರಿದ ಮತ್ತು ಕಳೆದುಹೋದ ತುಂಡುಗಳು ಅದರಲ್ಲಿ ಬರುವುದಿಲ್ಲ ಎಂದು ಒಂದು ಮಾತು ಸೇರಿಸಿ.

ಪದಾರ್ಥ ಉತ್ತರ:

ಮೇಲಿನ ಮೂವರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಕರಡಿನ ಅರ್ಧ ತೊಂದರೆ ಮೂಳೆಯಲ್ಲಿಲ್ಲ, ಪದದಲ್ಲಿದೆ. ಕನ್ನಡದಲ್ಲಿ ‘ಮನುಷ್ಯ’, ‘ಮಾನವ’, ‘ಆದಿಮಾನವ’ ಈ ಮೂರನ್ನು ಲೂಸಿಗೂ ಬಳಸುತ್ತೇವೆ, ಎರೆಕ್ಟಸ್‌ಗೂ ಬಳಸುತ್ತೇವೆ, ಹತ್ತು ಸಾವಿರ ವರ್ಷದ ಹಿಂದಿನ ಬೇಟೆಗಾರರಿಗೂ ಬಳಸುತ್ತೇವೆ. ಪದ ಒಂದೇ, ಪ್ರಶ್ನೆ ಮೂರು. ಚಿಂಪಾಂಜಿಯ ಕವಲಿನಿಂದ ಬೇರೆಯಾದ ಮೇಲಿನ ನಮ್ಮ ಕಡೆಯವರೆಲ್ಲರಿಗೆ ‘ಮಾನವ ವಂಶ’ ಎನ್ನಿ. ಅದರೊಳಗಿನ ಒಂದು ಗುಂಪಿಗೆ ‘ಹೋಮೋ’ ಎಂಬ ಹೆಸರನ್ನೇ ಇಟ್ಟುಕೊಳ್ಳಿ. ಪಠ್ಯದಲ್ಲಿ ಅದಕ್ಕೆ ಕುಲ ಎಂಬ ಪದ ಬರುತ್ತದೆ, ಆದರೆ ಮಕ್ಕಳ ಕಿವಿಗೆ ಕುಲ ಅಂದರೆ ಬೇರೆಯೇ ಕೇಳಿಸುತ್ತದೆ. ‘ಗುಂಪು’ ಸಾಕು. ಈಗ ಬದುಕಿರುವ ಎಲ್ಲರಿಗೆ ‘ನಾವು’ ಅಥವಾ ‘ನಮ್ಮ ಪ್ರಭೇದ’. ‘ಆದಿಮಾನವ’ವನ್ನು ಎಂಟೂ ಫಲಕದಿಂದ ತೆಗೆದುಬಿಡಿ. ಆಗ ‘ಮೊದಲ ಮನುಷ್ಯ ಯಾರು’ ಎಂಬ ಪ್ರಶ್ನೆ ಮೂರಾಗಿ ಒಡೆಯುತ್ತದೆ, ಒಂದೊಂದಕ್ಕೂ ಮಕ್ಕಳಿಗೆ ತೋರಿಸಬಹುದಾದ ಉತ್ತರ ಸಿಗುತ್ತದೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕರಡಿನ ಸಾಲು ‘ಮಿದುಳು ಇಷ್ಟು ದಾಟಿದವನೇ ಮನುಷ್ಯ’ ಎನ್ನುತ್ತದೆ. ಮಿದುಳು ಬೆಳೆಯದ ಮೈಕ್ರೋಸೆಫಲಿ ಎಂಬ ಸ್ಥಿತಿ ಇದೆ. ಅದರಲ್ಲಿ ದೊಡ್ಡವರಾದ ಮೇಲೂ ಮಿದುಳು 600 ಸಿಸಿಗಿಂತ ಕಡಿಮೆ ಉಳಿಯಬಹುದು. ಆ ಫಲಕದ ಮುಂದೆ ನಿಲ್ಲುವ ಮಗುವಿನ ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇರಬಹುದು. ಪಳೆಯುಳಿಕೆ ವಿಂಗಡಿಸಲು ಮಾಡಿದ ಅಳತೆಯನ್ನು ಬದುಕಿರುವವರ ಮೇಲೆ ಹಾಕುವುದು ವಿಜ್ಞಾನವಾಗಿಯೂ ತಪ್ಪು. ನಮ್ಮ ಪ್ರಭೇದಕ್ಕೆ ಸೇರುವುದು ಹುಟ್ಟಿನಿಂದ. ಮನುಷ್ಯರಿಗೆ ಹುಟ್ಟಿದವರು ಮನುಷ್ಯರು, ಅಳತೆ ಏನೇ ಇರಲಿ.

ಈ ತಪ್ಪು ತಜ್ಞರಿಂದಲೂ ಆಗಿದೆ. ಮೈಕೆಲ್ ಡೇ ಮತ್ತು ಕ್ರಿಸ್ ಸ್ಟ್ರಿಂಗರ್ 1982ರಲ್ಲಿ ಬುರುಡೆಯ ಎತ್ತರ, ಹಣೆಯ ಬಾಗು, ಹುಬ್ಬಿನ ದಿಂಡು ಇಂಥವನ್ನು ಅಳೆದು ‘ಆಧುನಿಕ ಮನುಷ್ಯ’ನಿಗೆ ಲಕ್ಷಣಪಟ್ಟಿ ಮಾಡಿದರು. ಉದ್ದೇಶ ಪಳೆಯುಳಿಕೆ ವಿಂಗಡಣೆ ಮಾತ್ರ. ಆದರೆ ಆ ಪಟ್ಟಿ ಹಿಡಿದು ನೋಡಿದರೆ ಇತ್ತೀಚಿನ ಕಾಲದ ಆಸ್ಟ್ರೇಲಿಯಾ ಮೂಲನಿವಾಸಿಗಳ ಬುರುಡೆಗಳಲ್ಲಿ ಅನೇಕವು ಹೊರಗುಳಿಯುತ್ತವೆ ಎಂದು ಮಿಲ್ಫರ್ಡ್ ವೋಲ್ಪಾಫ್ ತೋರಿಸಿದರು. ಮೂಳೆಮಾತು ಅವರು ಹೇಳಿದ ಮಾರ್ಟನ್ ಕಾಳು ತುಂಬಿ ಅಳೆದದ್ದೂ ಜನಾಂಗಗಳನ್ನು ಮೇಲುಕೀಳು ಸಾಲಿನಲ್ಲಿ ನಿಲ್ಲಿಸುವುದಕ್ಕೆ.

ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ತಂದ ಲಿನೇಯಸ್ 1735ರಲ್ಲಿ ಜೀವಿಗಳ ಪಟ್ಟಿ ಮಾಡಿದಾಗ ಪ್ರತಿ ಪ್ರಾಣಿಗೂ ಹಲ್ಲು, ಕಾಲು, ಬೆರಳಿನ ಲಕ್ಷಣ ಬರೆದು, ಹೋಮೋ ಎಂಬಲ್ಲಿ ಬರೀ ‘ನಿನ್ನನ್ನು ನೀನು ಅರಿ’ ಎಂದು ಬರೆದರು. ವಾನರದಿಂದ ಮನುಷ್ಯನನ್ನು ಬೇರೆ ಮಾಡುವ ಲಕ್ಷಣ ಗೊತ್ತಿದ್ದರೆ ಹೇಳಿ ಎಂದು 1747ರ ಪತ್ರವೊಂದರಲ್ಲಿ ಕೇಳಿಕೊಂಡಿದ್ದರು ಕೂಡ. ಸಾಮಾನ್ಯವಾಗಿ ಒಂದು ಪ್ರಭೇದಕ್ಕೆ, ಹೆಸರಿಗೆ ಆಧಾರವಾಗಿ, ಒಂದು ಮಾದರಿ ಕಪಾಟಿನಲ್ಲಿರುತ್ತದೆ. ನಮ್ಮದಕ್ಕೆ ಇಲ್ಲ. ಲಿನೇಯಸ್ ಅವರನ್ನೇ ಮಾದರಿ ಎಂದು ಭಾವಿಸಬೇಕು ಎಂದು 1959ರಲ್ಲಿ ವಿಲಿಯಂ ಸ್ಟರ್ನ್ ಬರೆದರು. ಆ ಮಾದರಿ ಇರುವುದು ಸ್ವೀಡನ್ನಿನ ಉಪ್ಸಲಾ ಚರ್ಚಿನ ಸಮಾಧಿಯಲ್ಲಿ, ಯಾರೂ ತೆಗೆದು ಅಳೆದಿಲ್ಲ.

ಗೋಡೆಬರಹ:

ಎಲ್ಲರಿಗೂ ಧನ್ಯವಾದ. ತಲೆಬರಹ ಬದಲಾಯಿಸಿ ಹೀಗೆ ತಿದ್ದಿದ್ದೇನೆ, ತಪ್ಪಿದ್ದರೆ ಹೇಳಿ:

‘ಗೆರೆ ಎಲ್ಲಿ? ಮಾನವ ವಂಶದವರು 36 ಲಕ್ಷ ವರ್ಷದ ಹಿಂದೆಯೇ ಎರಡು ಕಾಲಿನ ಮೇಲೆ ನಡೆಯುತ್ತಿದ್ದರು. ಹೋಮೋ ಗುಂಪಿನ ಅತಿ ಹಳೆಯ ದವಡೆ 28 ಲಕ್ಷ ವರ್ಷದ್ದು. ನಮ್ಮ ಪ್ರಭೇದ ಕಾಣಿಸಿಕೊಂಡದ್ದು 3 ಲಕ್ಷ ವರ್ಷದ ಹಿಂದೆ. ವಿಜ್ಞಾನಿಗಳು ಹೋಮೋ ಗುಂಪಿಗೆ ಮಿದುಳಿನ ಗಡಿ ಮೊದಲು 750 ಸಿಸಿ ಎಂದರು, ಆಮೇಲೆ 600 ಎಂದರು. ಎರಡನ್ನೂ ಹೊಸ ಪಳೆಯುಳಿಕೆಗಳು ಮುರಿದವು. ಈಗ ಹಲ್ಲು, ದವಡೆ, ಕೈಕಾಲು, ಮಿದುಳು ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಯಾದಗಿರಿಯ ಇಸಾಂಪುರದಲ್ಲಿ 12 ಲಕ್ಷ ವರ್ಷದ ಹಿಂದೆ ಕೈಗೊಡಲಿ ಮಾಡಿದವರು ಯಾರು? ಅವರ ಮೂಳೆ ಇನ್ನೂ ಸಿಕ್ಕಿಲ್ಲ. ಈ ಅಳತೆಗಳು ಪಳೆಯುಳಿಕೆಗೆ ಮಾತ್ರ. ಇಂದು ಹುಟ್ಟುವ ಪ್ರತಿ ಮಗುವೂ ಮನುಷ್ಯನೇ.’

ಪಕ್ಕದಲ್ಲಿ ಹಥನೋರಾ ಬುರುಡೆಯ ರೇಖಾಚಿತ್ರ ಹಾಕುವ ಯೋಚನೆ ಇದೆ.

ಮೂಳೆಮಾತು:

ಚೆನ್ನಾಗಿದೆ. ಮೂರು ತಿದ್ದುಪಡಿ. ‘ಅತಿ ಹಳೆಯ ದವಡೆ’ ಎಂಬಲ್ಲಿ ‘ಈವರೆಗೆ ಸಿಕ್ಕ’ ಎಂದು ಸೇರಿಸಿ. ನಮ್ಮ ಪ್ರಭೇದದ 3 ಲಕ್ಷ ವರ್ಷ ಮೊರಾಕ್ಕೊದ ಜೆಬೆಲ್ ಇರ್ಹೂದ್ ಲೆಕ್ಕ. ಅಲ್ಲಿನವರ ಮುಖ ನಮ್ಮಂತಿದೆ, ಬುರುಡೆಯ ಹಿಂಭಾಗ ಮಾತ್ರ ಇನ್ನೂ ಉದ್ದ, ನಮ್ಮಷ್ಟು ದುಂಡಗಿಲ್ಲ. ಹಾಗಾಗಿ ‘ಸುಮಾರು’ ಎಂದು ಹಾಕಿ. ಕೊನೆಯದು ಚಿತ್ರ. ಹಥನೋರಾದಲ್ಲಿ ಸಿಕ್ಕಿದ್ದು ಬುರುಡೆಯ ಮೇಲ್ಭಾಗ, ಅದರಲ್ಲೂ ಹೆಚ್ಚಿನದು ಬಲಭಾಗ. ಕೆಳದವಡೆ, ಹಲ್ಲು ಇಲ್ಲ. ಪೂರ್ತಿ ಮುಖ ಬರೆಸಬೇಡಿ. ಸಿಕ್ಕ ಮೂಳೆಯನ್ನು ಗಟ್ಟಿ ಗೆರೆಯಲ್ಲಿ, ಉಳಿದದ್ದನ್ನು ಚುಕ್ಕಿ ಗೆರೆಯಲ್ಲಿ ಬರೆಯಲು ಕಲಾವಿದರಿಗೆ ಹೇಳಿ. ಚುಕ್ಕಿ ಎಂದರೆ ಊಹೆ ಎಂದು ಕೆಳಗೆ ಬರೆಸಿ.

ಚಕ್ಕೆಕಲ್ಲು:

ಇಸಾಂಪುರಕ್ಕೂ ಚಿತ್ರ ಇರಲಿ. ಕೈಗೊಡಲಿ ಒಂದೇ ಸಾಲದು, ಅರ್ಧಕ್ಕೆ ಬಿಟ್ಟ ಒಂದು ಹಾಸನ್ನೂ ಪಕ್ಕದಲ್ಲಿ ಬರೆಸಿ, ಅಂಚಿನಲ್ಲಿ ಎದ್ದ ಚಕ್ಕೆಗಳ ಗಾಯಕ್ಕೆ ಪೆಟ್ಟಿನ ಕ್ರಮದಲ್ಲಿ 1, 2, 3 ಎಂದು ಹಾಕಿಸಿ. ಮಕ್ಕಳು ಬೆರಳಿಟ್ಟು ಎಣಿಸುತ್ತಾರೆ.